ಶಾಲೆಯ ಲೈಬ್ರರಿ: ಹೊಸ ಪುಸ್ತಕ ಕೊಳ್ಳುವ ಮೊದಲು ಮಾಡಬೇಕಾದ ಕೆಲಸಗಳು

ನಿಮ್ಮ ಶಾಲೆಯ ಲೈಬ್ರರಿ ಹೇಗಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಒಂದು ಸಂಖ್ಯೆ ಬರುತ್ತದೆ. "ಮೂರು ಸಾವಿರ ಪುಸ್ತಕ ಇದೆ." ಸರಿ, ಹೋದ ತಿಂಗಳು ಅದರಲ್ಲಿ ಎಷ್ಟು ಪುಸ್ತಕ ಮಕ್ಕಳ ಚೀಲ ಸೇರಿತು? ಇದಕ್ಕೆ ತಕ್ಷಣ ಉತ್ತರ ಕೊಡುವವರು ಕಡಿಮೆ. ಆದರೆ ಲೈಬ್ರರಿಯ ಆರೋಗ್ಯ ಗೊತ್ತಾಗುವುದು ಈ ಎರಡನೇ ಸಂಖ್ಯೆಯಿಂದಲೇ. ಒಳಗೆ ಎಷ್ಟಿದೆ ಎನ್ನುವುದಕ್ಕಿಂತ ಹೊರಗೆ ಎಷ್ಟು ಹೋಗುತ್ತಿದೆ ಎನ್ನುವುದು ಮುಖ್ಯ.

ಹಾಗಾಗಿ ಈ ಲೇಖನದಲ್ಲಿ ಪುಸ್ತಕ ಕೊಳ್ಳುವ ಮಾತು ಬಹಳ ತಡವಾಗಿ ಬರುತ್ತದೆ. ಅದಕ್ಕೂ ಮೊದಲು ಮಾಡುವ ಹೆಚ್ಚಿನ ಕೆಲಸಗಳಿಗೆ ದುಡ್ಡು ಬೇಕಿಲ್ಲ. ಸಮಯ ಬೇಕು, ಸ್ವಲ್ಪ ಧೈರ್ಯ ಬೇಕು.

ಪಠ್ಯಪುಸ್ತಕ ಇರುವಾಗ ಲೈಬ್ರರಿ ಯಾಕೆ?

ಪಠ್ಯಪುಸ್ತಕ ಒಂದು ವಿಷಯವನ್ನು ಒಂದೇ ರೀತಿಯಲ್ಲಿ, ಕೆಲವೇ ಪುಟಗಳಲ್ಲಿ ಹೇಳಿ ಮುಂದೆ ಹೋಗುತ್ತದೆ. ಅರ್ಥವಾಗದ ಮಗು ಅದೇ ಸಾಲುಗಳನ್ನು ಮತ್ತೆ ಮತ್ತೆ ಓದಬೇಕು. ಅದೇ ವಿಷಯ ಇನ್ನೊಂದು ಪುಸ್ತಕದಲ್ಲಿ ಚಿತ್ರವಾಗಿ, ಮತ್ತೊಂದರಲ್ಲಿ ಕಥೆಯಾಗಿ ಸಿಕ್ಕರೆ ಎಲ್ಲೋ ಒಂದು ಕಡೆ ಹೊಳೆಯುತ್ತದೆ. ಪದಗಳ ವಿಷಯವೂ ಹೀಗೇ. ಹೊಸ ಪದ ಒಂದು ಸಲ ಕಂಡರೆ ತಲೆಯಲ್ಲಿ ನಿಲ್ಲುವುದಿಲ್ಲ. ಬೇರೆ ಬೇರೆ ಸಂದರ್ಭದಲ್ಲಿ ಹಲವು ಸಲ ಎದುರಾಗಬೇಕು.

ಕೀತ್ ಸ್ಟ್ಯಾನೋವಿಚ್ ಎಂಬ ಮನಃಶಾಸ್ತ್ರಜ್ಞರು 1986ರಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಿದರು. ಚೆನ್ನಾಗಿ ಓದಬಲ್ಲ ಮಕ್ಕಳು ಜಾಸ್ತಿ ಓದುತ್ತಾರೆ, ಜಾಸ್ತಿ ಓದಿದ್ದರಿಂದ ಪದಗಳು ಹೆಚ್ಚುತ್ತವೆ, ಓದು ಇನ್ನೂ ಸಲೀಸಾಗುತ್ತದೆ. ಓದಲು ಕಷ್ಟಪಡುವ ಮಕ್ಕಳು ಓದುವುದನ್ನೇ ತಪ್ಪಿಸುತ್ತಾರೆ, ಹಾಗಾಗಿ ಇನ್ನಷ್ಟು ಹಿಂದೆ ಬೀಳುತ್ತಾರೆ. ವರ್ಷ ಕಳೆದಂತೆ ಈ ಅಂತರ ದೊಡ್ಡದಾಗುತ್ತದೆ. ಮನೆಯಲ್ಲಿ ಪುಸ್ತಕ ಇರುವ ಮಗು ಶಾಲೆಯ ಲೈಬ್ರರಿ ಇಲ್ಲದಿದ್ದರೂ ಹೇಗೋ ಓದಿಕೊಳ್ಳುತ್ತದೆ. ಲೈಬ್ರರಿಯ ಅಸಲಿ ಕೆಲಸ ಇರುವುದು ಮತ್ತೊಂದು ಗುಂಪಿನ ಮಕ್ಕಳ ಜೊತೆ. ಮುಂದೆ ಯಾವುದೇ ನಿಯಮ ಮಾಡುವಾಗ, ಇದರಿಂದ ಆ ಮಕ್ಕಳು ಹತ್ತಿರ ಬರುತ್ತಾರಾ, ದೂರ ಹೋಗುತ್ತಾರಾ ಎಂದು ಕೇಳಿಕೊಂಡರೆ ದಾರಿ ತಪ್ಪುವುದಿಲ್ಲ.

ಹಂತ 1: ಒಂದು ವಾರ ಸುಮ್ನೆ ಗಮನಿಸಿ

ಏನನ್ನೂ ಬದಲಾಯಿಸುವ ಮುಂಚೆ ಈಗ ಏನು ನಡೆಯುತ್ತಿದೆ ನೋಡಿ. ಕಪಾಟಿನಿಂದ ಕೈಗೆ ಸಿಕ್ಕ ಐವತ್ತು ಪುಸ್ತಕ ತೆಗೆಯಿರಿ. ಒಳರಟ್ಟಿಗೆ ಅಂಟಿಸಿದ ತಾರೀಖಿನ ಚೀಟಿ ನೋಡಿ. ಕೊನೆಯ ಸಲ ಯಾವಾಗ ಹೊರಗೆ ಹೋಗಿತ್ತು? ಚೀಟಿ ಇಲ್ಲದಿದ್ದರೆ ಇಶ್ಯೂ ರಿಜಿಸ್ಟರ್ ತಿರುವಿ ಹಾಕಿ. ಯಾವ ತರಗತಿಯವರು ಬರುತ್ತಿಲ್ಲ, ಯಾವ ಮಕ್ಕಳ ಹೆಸರು ಇಡೀ ವರ್ಷ ಒಮ್ಮೆಯೂ ಬಂದಿಲ್ಲ ಎಂದು ಗುರುತು ಹಾಕಿಕೊಳ್ಳಿ.

ಮಕ್ಕಳನ್ನೂ ಕೇಳಿ. ಆದರೆ "ಲೈಬ್ರರಿ ಇಷ್ಟಾನಾ?" ಎಂದು ಕೇಳಬೇಡಿ. "ಹೌದು ಮಿಸ್" ಎಂಬ ಕೋರಸ್ ಬಿಟ್ಟು ಬೇರೇನೂ ಸಿಗುವುದಿಲ್ಲ. "ನೀನು ಕೊನೆಗೆ ಪೂರ್ತಿ ಓದಿದ ಪುಸ್ತಕ ಯಾವುದು?", "ಏನು ಹುಡುಕಿದಾಗ ಸಿಗಲಿಲ್ಲ?" ಎಂದು ಕೇಳಿ. ಉತ್ತರಗಳನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ, ಪುಸ್ತಕ ಕೊಳ್ಳುವಾಗ ಬೇಕಾಗುತ್ತದೆ.

ಬಾಗಿಲು ತೆರೆದಿರುವ ಹೊತ್ತನ್ನೂ ನೋಡಿ. ಎಷ್ಟೋ ಕಡೆ ಪಾಠದ ಸಮಯದಲ್ಲಿ ಲೈಬ್ರರಿ ತೆರೆದಿರುತ್ತದೆ, ಮಕ್ಕಳು ಬಿಡುವಾದಾಗ ಸರಿಯಾಗಿ ಮುಚ್ಚಿರುತ್ತದೆ! ಊಟದ ಬಿಡುವಿನಲ್ಲಿ ಅರ್ಧ ಗಂಟೆ ಬಾಗಿಲು ತೆರೆದಿಟ್ಟರೂ ಸಾಕು, ಬರುವವರ ಸಂಖ್ಯೆ ಬದಲಾಗುತ್ತದೆ.

ಹಂತ 2: ಬೇಡದ್ದನ್ನು ತೆಗೆಯಿರಿ

ಎಲ್ಲರೂ ಹೆದರುವ ಹಂತ ಇದು. ಪುಸ್ತಕ ತೆಗೆದುಹಾಕುವುದು ತಪ್ಪು ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಆದರೆ ಧೂಳು ಹಿಡಿದ ನೂರು ಪುಸ್ತಕಗಳ ನಡುವೆ ಹತ್ತು ಒಳ್ಳೆಯ ಪುಸ್ತಕ ಇದ್ದರೆ, ಮಗುವಿಗೆ ಕಾಣುವುದು ಧೂಳು ಮಾತ್ರ.

ಯಾವುದನ್ನು ತೆಗೆಯಬೇಕು ಎಂಬುದಕ್ಕೆ ಅಮೆರಿಕದ ಟೆಕ್ಸಾಸ್‌ನಲ್ಲಿ 1976ರಲ್ಲಿ ರೂಪುಗೊಂಡ ಕ್ರೂ ಎಂಬ ಪದ್ಧತಿ ಈಗಲೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಅದರ ಪ್ರಶ್ನೆಗಳು ಸರಳ. ಪುಸ್ತಕದಲ್ಲಿರುವ ಮಾಹಿತಿ ಈಗ ತಪ್ಪಾಗಿದೆಯಾ? ಮುಟ್ಟಲು ಮನಸ್ಸಾಗದಷ್ಟು ಹರಿದು ಕೊಳೆಯಾಗಿದೆಯಾ? ಇದಕ್ಕಿಂತ ಹೊಸ ಆವೃತ್ತಿ ಬಂದಿದೆಯಾ? ಒಳಗೆ ಹುರುಳೇ ಇಲ್ಲವಾ? ನಮ್ಮ ಮಕ್ಕಳಿಗೆ ಸಂಬಂಧವೇ ಇಲ್ಲವಾ? ಬೇರೆ ಕಡೆ ಸುಲಭವಾಗಿ ಸಿಗುತ್ತದಾ?

ಮೊದಲ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿಯಿರಿ. ಪ್ಲೂಟೊವನ್ನು ಒಂಬತ್ತನೇ ಗ್ರಹ ಎನ್ನುವ ಖಗೋಳದ ಪುಸ್ತಕ 2006ಕ್ಕಿಂತ ಹಳೆಯದು. ಆ ವರ್ಷ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನು ಕುಬ್ಜ ಗ್ರಹ ಎಂದು ಬೇರೆ ಪಟ್ಟಿಗೆ ಸೇರಿಸಿತು. ದಕ್ಷಿಣ ಸುಡಾನ್ ಇಲ್ಲದ ಅಟ್ಲಾಸ್ 2011ಕ್ಕಿಂತ ಹಿಂದಿನದು. ಇಂಥವು ಕಪಾಟಿನಲ್ಲಿ ಜಾಗ ಹಿಡಿಯುವುದಷ್ಟೇ ಅಲ್ಲ, ತಪ್ಪನ್ನೂ ಕಲಿಸುತ್ತವೆ. ಕಥೆ, ಕವಿತೆಗಳಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಅವಕ್ಕೆ ವಯಸ್ಸಾಗುವುದಿಲ್ಲ. ಸ್ಥಳೀಯ ಚರಿತ್ರೆಯ ಪುಸ್ತಕಗಳನ್ನೂ ಹುಷಾರಾಗಿ ನೋಡಿ, ಮತ್ತೆ ಸಿಗದೇ ಹೋಗಬಹುದು.

ಕೆಲಸ ಮಾಡುವ ರೀತಿ ಹೀಗೆ. ಮೂರು ಪೆಟ್ಟಿಗೆ ಇಟ್ಟುಕೊಳ್ಳಿ: ಇರಲಿ, ರಿಪೇರಿಯಾಗಲಿ, ಹೋಗಲಿ. ದಿನಕ್ಕೆ ಕಪಾಟಿನ ಒಂದು ಅಂಕಣ ಮಾತ್ರ ಮುಟ್ಟಿ. ಇಡೀ ಲೈಬ್ರರಿಯನ್ನು ಒಂದೇ ದಿನ ನೆಲಕ್ಕೆ ಸುರಿದರೆ ವಾಪಸ್ ಜೋಡಿಸುವುದು ಕನಸಿನ ಮಾತು. ಹೋಗಲಿ ಎಂದಿದ್ದನ್ನು ಇನ್ನಿಬ್ಬರು ಶಿಕ್ಷಕರಿಗೆ ತೋರಿಸಿ, ಪಟ್ಟಿ ಮಾಡಿ, ಮೂವರೂ ಸಹಿ ಹಾಕಿ. ನಿಮ್ಮ ಶಾಲೆಯಲ್ಲಿ ದಾಸ್ತಾನು ರದ್ದು ಮಾಡುವ ನಿಯಮ ಏನಿದೆಯೋ ಅದರಂತೆ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಅಕ್ಸೆಷನ್ ರಿಜಿಸ್ಟರ್‌ನಲ್ಲಿ (ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆ ಕೊಟ್ಟು ಬರೆದಿಡುವ ದಾಖಲೆ) ಆ ಪುಸ್ತಕದ ಸಂಖ್ಯೆಯ ಎದುರು ತಾರೀಖು ಹಾಕಿ ನಮೂದಿಸಿ. ಕಾಗದ ಪತ್ರ ಸರಿ ಇದ್ದರೆ ಯಾವ ತಪಾಸಣೆಗೂ ಹೆದರಬೇಕಿಲ್ಲ.

ಹಂತ 3: ಮಗುವಿನ ಕಣ್ಣಿಗೆ ಕಾಣುವಂತೆ ಜೋಡಿಸಿ

ಬೆನ್ನು ತಿರುಗಿಸಿ ನಿಂತವರನ್ನು ಗುರುತಿಸುವುದು ಕಷ್ಟ ಅಲ್ವಾ? ಪುಸ್ತಕವೂ ಹಾಗೇ. ಪ್ರತಿ ಅಂಕಣದಲ್ಲೂ ಎರಡು ಮೂರು ಪುಸ್ತಕಗಳ ಮುಖಪುಟ ಎದುರಿಗೆ ಕಾಣುವಂತೆ ಇಡಿ, ವಾರಕ್ಕೊಮ್ಮೆ ಬದಲಾಯಿಸಿ. ಅಂಕಣವನ್ನು ಪೂರ್ತಿ ತುಂಬಬೇಡಿ. ಮುಕ್ಕಾಲು ತುಂಬಿದ್ದರೆ ಚಿಕ್ಕ ಕೈಗಳಿಗೆ ಪುಸ್ತಕ ಎಳೆದು ತೆಗೆಯಲು, ವಾಪಸ್ ಇಡಲು ಸುಲಭ. ಚಿಕ್ಕವರ ಪುಸ್ತಕ ಕೆಳಗೆ, ದೊಡ್ಡವರದ್ದು ಮೇಲೆ. ಇದು ಹೇಳಬೇಕಾದ ಮಾತೇ ಅಲ್ಲ ಅನಿಸಬಹುದು, ಆದರೆ ಉಲ್ಟಾ ಇರುವ ಕಡೆ ಬೇಕಾದಷ್ಟಿವೆ. ಕಪಾಟನ್ನು ಗೋಡೆಯಿಂದ ಸ್ವಲ್ಪ ದೂರ ಇಟ್ಟರೆ ತೇವ, ಗೆದ್ದಲು ಎರಡೂ ಬೇಗ ಕಣ್ಣಿಗೆ ಬೀಳುತ್ತವೆ.

ವಿಂಗಡಣೆಗೆ ಯಾವ ಪದ್ಧತಿ? ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ, ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಡುವ ದಶಮಾಂಶ ಪದ್ಧತಿ ಇಂದಿಗೂ ಬಹಳ ಕಡೆ ಬಳಕೆಯಲ್ಲಿದೆ. 500 ಎಂದರೆ ವಿಜ್ಞಾನ, ಅದರೊಳಗೆ 520 ಖಗೋಳ, 590 ಪ್ರಾಣಿಗಳು. 900 ಚರಿತ್ರೆ ಮತ್ತು ಭೂಗೋಳ. ಹೈಸ್ಕೂಲಿಗೆ ಇದನ್ನು ಬಳಸಿ, ಮುಂದೆ ದೊಡ್ಡ ಲೈಬ್ರರಿಗೆ ಹೋದಾಗಲೂ ಉಪಯೋಗಕ್ಕೆ ಬರುತ್ತದೆ. ಪುಟ್ಟ ಮಕ್ಕಳಿಗೆ ಮಾತ್ರ ಬಣ್ಣದ ಪಟ್ಟಿಯೇ ವಾಸಿ. ಪ್ರಾಣಿಗಳಿಗೆ ಹಸಿರು, ಕಥೆಗೆ ಹಳದಿ ಎಂದು ಬೆನ್ನಿಗೆ ಅಂಟಿಸಿ, ಕಪಾಟಿಗೂ ಅದೇ ಬಣ್ಣದ ಚೀಟಿ, ಜೊತೆಗೊಂದು ಚಿತ್ರ. "ಹಾವಿನ ಪುಸ್ತಕ ಎಲ್ಲಿದೆ?" ಎಂದು ಕೇಳುವ ಎರಡನೇ ತರಗತಿಯ ಮಗು ಯಾರ ಸಹಾಯವೂ ಇಲ್ಲದೆ ಅದನ್ನು ಹುಡುಕಿಕೊಂಡರೆ ನಿಮ್ಮ ಜೋಡಣೆ ಪಾಸಾಯಿತು.

ಒಂದು ಸಣ್ಣ ಉಪಾಯ. "ಈಗಷ್ಟೇ ವಾಪಸ್ ಬಂದಿವೆ" ಎಂದು ಬರೆದ ಒಂದು ಬುಟ್ಟಿ ಇಡಿ. ಬೇರೆಯವರು ಓದಿದ್ದನ್ನು ತಾನೂ ಓದಬೇಕು ಎಂಬ ಆಸೆ ಮಕ್ಕಳಲ್ಲಿ ಜೋರು. ಆ ಬುಟ್ಟಿ ಕಪಾಟಿಗಿಂತ ಬೇಗ ಖಾಲಿಯಾಗುತ್ತದೆ.

ಇನ್ನು ಕಂಪ್ಯೂಟರ್ ವಿಷಯ. ಚಿಕ್ಕ ಶಾಲೆಗೆ ಒಂದು ಸಾಮಾನ್ಯ ಎಕ್ಸೆಲ್ ಹಾಳೆ ಸಾಕು. ಪುಸ್ತಕ ಹೆಚ್ಚಿದ್ದರೆ ಕೊಹಾ ಇದೆ. 2000ದಲ್ಲಿ ನ್ಯೂಜಿಲೆಂಡ್‌ನ ಲೈಬ್ರರಿಯೊಂದರಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ ಇದು, ಲೈಸೆನ್ಸ್ ಶುಲ್ಕ ಇಲ್ಲ. ಪುಸ್ತಕದ ಹಿಂಬದಿಯ ಐಎಸ್‌ಬಿಎನ್ ಸಂಖ್ಯೆ ಕೊಟ್ಟರೆ ಎಷ್ಟೋ ಪುಸ್ತಕಗಳ ವಿವರವನ್ನು ಬೇರೆ ಲೈಬ್ರರಿಗಳಿಂದ ತಂದುಕೊಳ್ಳಬಹುದು. ಆದರೆ ಬಾರ್‌ಕೋಡ್ ಅಂಟಿಸುವುದರಲ್ಲೇ ಒಂದು ವರ್ಷ ಕಳೆದು, ಆ ವರ್ಷವಿಡೀ ಬಾಗಿಲು ಮುಚ್ಚಿದ್ದರೆ ಅದು ಸುಧಾರಣೆ ಅಲ್ಲ.

ಹಂತ 4: ನಿಯಮ ಕಡಿಮೆ ಮಾಡಿ

ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯಕ್ಕೆ ಬರುವ ಮುಂಚೆ ಗಣಿತ ಪಾಠ ಮಾಡುತ್ತಿದ್ದರು. ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳು ಇರುವುದು ಬಳಸುವುದಕ್ಕೆ ಎಂಬುದು. ಇಷ್ಟು ಸಾಮಾನ್ಯ ಮಾತನ್ನು ಸೂತ್ರ ಮಾಡಬೇಕಾಯಿತೇ ಎಂದು ಕೇಳಬಹುದು. ಬೀಗ ಹಾಕಿದ ಕಪಾಟು ನೋಡಿದವರಿಗೆ ಉತ್ತರ ಗೊತ್ತು.

ಬೀಗ ಯಾಕೆ ಬೀಳುತ್ತದೆ? ಪುಸ್ತಕ ಕಳೆದರೆ ಜವಾಬ್ದಾರಿ ಹೊತ್ತ ಶಿಕ್ಷಕರು ಉತ್ತರ ಕೊಡಬೇಕು ಎಂಬ ಭಯದಿಂದ. ಆ ಭಯ ಹೋಗದೆ ಬೀಗ ತೆಗೆಯಿರಿ ಎಂದು ಉಪದೇಶ ಮಾಡಿ ಪ್ರಯೋಜನ ಇಲ್ಲ. ವರ್ಷಕ್ಕೆ ಇಂತಿಷ್ಟು ಪುಸ್ತಕ ಸವೆಯುತ್ತವೆ, ಕಳೆಯುತ್ತವೆ, ಅದಕ್ಕೆ ಲೈಬ್ರರಿ ನೋಡಿಕೊಳ್ಳುವವರು ಕೈಯಿಂದ ಕೊಡಬೇಕಿಲ್ಲ ಎಂದು ಆಡಳಿತದವರು ಬರಹದಲ್ಲಿ ಒಪ್ಪಬೇಕು. ಮುಖ್ಯೋಪಾಧ್ಯಾಯರು ಮಾಡಬಹುದಾದ ಅತಿ ದೊಡ್ಡ ಸಹಾಯ ಇದೇ. ಒಂದು ಕಾಗದ, ಒಂದು ಸಹಿ.

ಮಕ್ಕಳ ಕಡೆಗೂ ಅಷ್ಟೇ. ಒಂದು ಸಲಕ್ಕೆ ಎರಡು ಪುಸ್ತಕ, ಒಂದು ಅಥವಾ ಎರಡು ವಾರ, ಬೇಕಿದ್ದರೆ ಇನ್ನೊಂದು ವಾರ. ತಡವಾದರೆ ದಂಡ ಬೇಡ. ದಂಡ ಕಟ್ಟಲಾಗದ ಮಗು ಪುಸ್ತಕವನ್ನೂ ತರುವುದಿಲ್ಲ, ಲೈಬ್ರರಿಗೂ ಬರುವುದಿಲ್ಲ. ಕಳೆದುಹೋದರೆ ಮನೆಯವರ ಜೊತೆ ಮಾತಾಡಿ. ಆಗದವರಿಗೆ ಪುಸ್ತಕಗಳಿಗೆ ರಟ್ಟು ಹಾಕುವ, ಹರಿದ ಪುಟ ಅಂಟಿಸುವ ಕೆಲಸ ಕೊಡಿ. ಅದನ್ನು ಶಿಕ್ಷೆ ಎಂದು ಕರೆಯಬೇಡಿ.

ಇಶ್ಯೂ ಮಾಡುವ ಕೆಲಸವನ್ನು ದೊಡ್ಡ ತರಗತಿಯ ಮಕ್ಕಳಿಗೇ ವಹಿಸಿ. ಇಬ್ಬಿಬ್ಬರಂತೆ ಸರದಿ ಇರಲಿ. ಓದಿನಲ್ಲಿ ಹಿಂದಿರುವ ಮಕ್ಕಳನ್ನೂ ಸೇರಿಸಿಕೊಳ್ಳಿ. ದಿನವೂ ಪುಸ್ತಕ ಮುಟ್ಟುವ ಕೈ ಒಂದಲ್ಲ ಒಂದು ದಿನ ಅದನ್ನು ತೆರೆಯುತ್ತದೆ.

ಹಂತ 5: ಲೈಬ್ರರಿ ಪಿರಿಯಡ್‌ಗೆ ಒಂದು ರೂಪ ಕೊಡಿ

ಟೈಮ್‌ಟೇಬಲ್‌ನಲ್ಲಿ ಲೈಬ್ರರಿ ಪಿರಿಯಡ್ ಇದ್ದರೂ ಗಣಿತದ ಪೋರ್ಷನ್ ಮುಗಿಸಲು ಅದು ಬಲಿಯಾಗುತ್ತದೆ. ಅದನ್ನು ಉಳಿಸಿಕೊಳ್ಳಬೇಕಾದರೆ ಅಲ್ಲಿ ಏನೋ ನಡೆಯುತ್ತಿದೆ ಎಂದು ಎಲ್ಲರಿಗೂ ಕಾಣಬೇಕು.

ನಲವತ್ತು ನಿಮಿಷವನ್ನು ಹೀಗೆ ಹಂಚಬಹುದು. ಮೊದಲ ಐದು ನಿಮಿಷ ಪುಸ್ತಕ ವಾಪಸ್. ಆಮೇಲೆ ಹತ್ತು ನಿಮಿಷ ಶಿಕ್ಷಕರು ಗಟ್ಟಿಯಾಗಿ ಓದಿ ಹೇಳಬೇಕು. ನಂತರ ಇಪ್ಪತ್ತು ನಿಮಿಷ ಮಕ್ಕಳ ಸ್ವಂತ ಓದು. ಕೊನೆಯ ಐದು ನಿಮಿಷ ಹೊಸ ಪುಸ್ತಕ ತೆಗೆದುಕೊಳ್ಳುವುದಕ್ಕೆ.

ಓದಿ ಹೇಳುವುದನ್ನು ಹಗುರವಾಗಿ ನೋಡಬೇಡಿ. ಮನಃಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಪುಟ್ಟ ಮಕ್ಕಳ ಬಗ್ಗೆ. ಚಿತ್ರಪುಸ್ತಕವನ್ನು ಒಂದೇ ಸಮನೆ ಓದಿ ಮುಗಿಸುವ ಬದಲು ನಡುನಡುವೆ ಪ್ರಶ್ನೆ ಕೇಳಿ, ಮಗು ಹೇಳಿದ ಮಾತನ್ನು ಇನ್ನಷ್ಟು ಬೆಳೆಸಿ ಓದಿದಾಗ ಮಕ್ಕಳ ಮಾತು ಹೆಚ್ಚು ಬೆಳೆಯಿತು ಎಂದು ಅವರು ಕಂಡುಕೊಂಡರು. ದೊಡ್ಡ ತರಗತಿಯಲ್ಲೂ ಇದೇ ದಾರಿ ಹಿಡಿಯಬಹುದು. "ಮುಂದೆ ಏನಾಗಬಹುದು? ಯಾಕೆ ಹಾಗೆ ಅನಿಸಿತು?" ಎಂದು ಕೇಳಿ. ಕುತೂಹಲದ ಜಾಗ ಬಂದಾಗ ನಿಲ್ಲಿಸಿ, ಪುಸ್ತಕ ಮೇಜಿನ ಮೇಲಿಡಿ. ಅದನ್ನು ಯಾರು ಮೊದಲು ಇಶ್ಯೂ ಮಾಡಿಸಿಕೊಳ್ಳುತ್ತಾರೆ ಎಂಬ ಜಗಳ ಕೇಳಲು ಚೆಂದ.

ಸ್ವಂತ ಓದಿನ ಹೊತ್ತಿನಲ್ಲಿ ಶಿಕ್ಷಕರೂ ಓದಬೇಕು. ನೋಟ್‌ಬುಕ್ ತಿದ್ದಬಾರದು. ಓದಿದ ಪ್ರತಿ ಪುಸ್ತಕಕ್ಕೂ ಸಾರಾಂಶ ಬರೆಸುವ ಅಭ್ಯಾಸವನ್ನಂತೂ ಬಿಟ್ಟೇಬಿಡಿ. ಮಕ್ಕಳು ಬರೆಯಲು ಸುಲಭವಾದ ತೆಳ್ಳನೆಯ ಪುಸ್ತಕ ಹುಡುಕುವುದನ್ನು ಕಲಿಯುತ್ತಾರೆ, ಅಷ್ಟೇ. ಒಂದು ತಿಂಗಳಲ್ಲಿ ಒಬ್ಬರು ಬಂದು "ಇದನ್ನು ಓದಿ, ಯಾಕೆಂದರೆ..." ಎಂದು ಒಂದು ನಿಮಿಷ ಮಾತಾಡಿದರೆ ಧಾರಾಳ ಆಯಿತು.

"ಇದು ನಿನ್ನ ತರಗತಿಯ ಪುಸ್ತಕ ಅಲ್ಲ" ಎಂಬ ಮಾತೂ ಬೇಡ. ಎಂಟನೇ ತರಗತಿಯ ಹುಡುಗ ಚಿತ್ರಪುಸ್ತಕ ಹಿಡಿದರೆ ಹಿಡಿಯಲಿ, ಕಾಮಿಕ್ಸ್ ಓದಿದರೆ ಓದಲಿ. ಪುಸ್ತಕ ಕಷ್ಟವಾ ಎಂದು ಮಗುವೇ ತಿಳಿಯಲು ಐದು ಬೆರಳಿನ ಲೆಕ್ಕ ಇದೆ. ಒಂದು ಪುಟ ಓದುತ್ತಾ ಗೊತ್ತಿಲ್ಲದ ಪದ ಬಂದಾಗ ಒಂದೊಂದು ಬೆರಳು ಮಡಚುವುದು. ಐದೂ ಮಡಚಿದರೆ ಬಹುಶಃ ಈಗ ಕಷ್ಟ. ಆದರೂ ಬೇಕು ಎಂದರೆ ಕೊಟ್ಟುಬಿಡಿ.

ಹಂತ 6: ಪಾಠದ ಜೊತೆ ಜೋಡಿಸಿ

ಲೈಬ್ರರಿ ಮತ್ತು ತರಗತಿ ಒಂದಕ್ಕೊಂದು ಮಾತಾಡುವುದು ಇಲ್ಲಿ. ಪ್ರತಿ ತಿಂಗಳ ಶುರುವಿನಲ್ಲಿ ವಿಷಯ ಶಿಕ್ಷಕರಿಂದ ಒಂದು ಚೀಟಿ ಪಡೆಯಿರಿ: ಈ ತಿಂಗಳು ಯಾವ ಪಾಠ? ಅದಕ್ಕೆ ಸಂಬಂಧಿಸಿದ ಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ತರಗತಿಗೇ ಕಳಿಸಿ. ಕೊಠಡಿ ಇಲ್ಲದ ಶಾಲೆಗೂ ಇದು ನಡೆಯುತ್ತದೆ.

ಪ್ರಾಜೆಕ್ಟ್ ಕೊಡುವಾಗ ಪ್ರಶ್ನೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. "ತಿಮಿಂಗಿಲದ ಬಗ್ಗೆ ಎರಡು ಪುಟ ಬರೆದುಕೊಂಡು ಬಾ" ಎಂದರೆ ಮಗು ನಕಲು ಮಾಡುತ್ತದೆ. ಬೇರೇನು ಮಾಡೀತು? "ಮೀನು ನೀರೊಳಗೇ ಉಸಿರಾಡುತ್ತದೆ. ತಿಮಿಂಗಿಲ ಯಾಕೆ ಮೇಲೆ ಬರಬೇಕು? ಎರಡು ಪುಸ್ತಕ ನೋಡಿ ಹೇಳು" ಎಂದರೆ ನಕಲು ಮಾಡಲು ಸಿದ್ಧ ಉತ್ತರ ಸುಲಭಕ್ಕೆ ಸಿಗುವುದಿಲ್ಲ. ಮಗು ಮೊದಲು ತನಗೆ ಗೊತ್ತಿರುವುದನ್ನು ಬರೆಯಲಿ. ನಂತರ ಹುಡುಕಬೇಕಾದ ಪದಗಳು: ತಿಮಿಂಗಿಲ, ಸಸ್ತನಿ, ಶ್ವಾಸಕೋಶ. ಪರಿವಿಡಿ ನೋಡುವುದು, ಪುಸ್ತಕದ ಕೊನೆಯ ಪದಸೂಚಿ ನೋಡುವುದು ಇಲ್ಲೇ ಕಲಿಸಿ. ಓದಿದ ಮೇಲೆ ಪುಸ್ತಕ ಮುಚ್ಚಿ, ಸ್ವಂತ ಮಾತಿನಲ್ಲಿ ಎರಡು ಸಾಲು. ಪಕ್ಕದಲ್ಲಿ ಪುಸ್ತಕದ ಹೆಸರು, ಪುಟ ಸಂಖ್ಯೆ.

ಎರಡು ಪುಸ್ತಕ ಎರಡು ಥರ ಹೇಳಿದರೆ ಖುಷಿಪಡಿ, ಒಳ್ಳೆಯ ಪಾಠ ಕೈಗೆ ಬಂತು. ಶನಿ ಗ್ರಹಕ್ಕೆ ಎಷ್ಟು ಉಪಗ್ರಹ ಎಂದು ಹುಡುಕಿಸಿ ನೋಡಿ. ಒಂದೊಂದು ಪುಸ್ತಕ ಒಂದೊಂದು ಸಂಖ್ಯೆ ಹೇಳುತ್ತದೆ. ಹೊಸ ಉಪಗ್ರಹಗಳು ಪತ್ತೆಯಾಗುತ್ತಲೇ ಇವೆ. ಪುಸ್ತಕ ಮುದ್ರಣವಾದ ವರ್ಷ ಎಲ್ಲಿರುತ್ತದೆ, ಅದನ್ನು ಯಾಕೆ ನೋಡಬೇಕು ಎಂದು ಬೇರೆ ವಿವರಣೆಯೇ ಬೇಡ.

ಕ್ಯಾರಲ್ ಕುಲ್ತೌ ಎಂಬ ಸಂಶೋಧಕಿ ವಿದ್ಯಾರ್ಥಿಗಳು ಮಾಹಿತಿ ಹುಡುಕುವ ರೀತಿಯನ್ನು ವರ್ಷಗಟ್ಟಲೆ ಗಮನಿಸಿದರು. ಹುಡುಕಾಟ ಶುರುವಾದ ಮೇಲೆ ಗೊಂದಲ ಕಡಿಮೆಯಾಗುವ ಬದಲು ಜಾಸ್ತಿಯಾಗುವ ಒಂದು ಘಟ್ಟ ಬರುತ್ತದೆ ಎಂದು ಅವರು ತೋರಿಸಿದರು. ಮಕ್ಕಳು ಕೈಬಿಡುವುದು ಅಲ್ಲೇ. ಹಾಗಾಗಿ ಪ್ರಾಜೆಕ್ಟ್ ಕೊಟ್ಟ ದಿನ, ಮುಗಿಸುವ ದಿನ ಮಾತ್ರ ಸಿಕ್ಕರೆ ಸಾಲದು. ನಡುವೆ ಒಂದು ಪಿರಿಯಡ್ ಪಕ್ಕದಲ್ಲಿ ಕೂತು "ಇದರಲ್ಲಿ ನಿನಗೆ ಯಾವುದು ಮುಖ್ಯ ಅನಿಸಿತು?" ಎಂದು ಕೇಳಬೇಕು.

ಇಂಟರ್‌ನೆಟ್ ಇದ್ದರೆ ಒಂದು ಅಭ್ಯಾಸ ಸೇರಿಸಿ. ವೃತ್ತಿಪರ ಸತ್ಯಶೋಧಕರು ಗೊತ್ತಿಲ್ಲದ ಒಂದು ಜಾಲತಾಣ ಸಿಕ್ಕಾಗ ಅದನ್ನೇ ಕೂತು ಓದುವುದಿಲ್ಲ, ಬೇಗ ಹೊರಗೆ ಬಂದು ಅದರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ನೋಡುತ್ತಾರೆ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಗುರುತಿಸಿದ್ದಾರೆ. ಮಕ್ಕಳಿಗೂ ಇದನ್ನೇ ಕಲಿಸಿ: ಇನ್ನೊಂದು ಟ್ಯಾಬ್ ತೆರೆ, ಇದನ್ನು ಬರೆದವರು ಯಾರು ಹುಡುಕು. ಎಐ ಕೊಟ್ಟ ಉತ್ತರಕ್ಕೂ ಇದೇ ಪರೀಕ್ಷೆ.

ಹಂತ 7: ಈಗ ಕೊಳ್ಳಿ

ಇಫ್ಲಾ (ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ) ಮತ್ತು ಯುನೆಸ್ಕೋ 2002ರಲ್ಲಿ ಕೊಟ್ಟ ಮಾರ್ಗಸೂಚಿ ಒಬ್ಬ ವಿದ್ಯಾರ್ಥಿಗೆ ಹತ್ತು ಪುಸ್ತಕ ಇರಬೇಕು ಎಂದಿತ್ತು. ಸಂಗ್ರಹದಲ್ಲಿ ಕಡೇಪಕ್ಷ ಶೇಕಡಾ 60ರಷ್ಟು ಪಾಠಕ್ಕೆ ಸಂಬಂಧಿಸಿದ ಕಥೆಯೇತರ ಪುಸ್ತಕ ಇರಲಿ ಎಂದೂ ಹೇಳಿತ್ತು. ಚಿಕ್ಕ ಶಾಲೆಗೆ ಇದು ಬಹಳ ದೂರದ ಗುರಿ. ಸಿಗಲಿಲ್ಲ ಎಂದು ಕೈಕಟ್ಟಿ ಕೂರಬೇಡಿ. ದಿನವೂ ಕೈ ಬದಲಾಯಿಸುವ ಮುನ್ನೂರು ಪುಸ್ತಕ, ಬೀಗದೊಳಗಿನ ಮೂರು ಸಾವಿರಕ್ಕಿಂತ ಮೇಲು.

ಮೊದಲ ಹಂತದಲ್ಲಿ ಮಕ್ಕಳು ಹೇಳಿದ ಪಟ್ಟಿ ಈಗ ಹೊರತೆಗೆಯಿರಿ. ಮಕ್ಕಳ ಮನೆಮಾತಿನ ಪುಸ್ತಕಗಳು ಇರಲೇಬೇಕು. ಎಲ್ಲರೂ ಮುಗಿಬೀಳುವ ಪುಸ್ತಕದ ಎರಡು ಪ್ರತಿ ತನ್ನಿ. ದೊಡ್ಡ ವಿಶ್ವಕೋಶದ ಸೆಟ್‌ಗೆ ಹಣ ಸುರಿಯುವ ಮುಂಚೆ ಎರಡು ಸಲ ಯೋಚಿಸಿ, ನೋಡಲು ಭವ್ಯ, ಓದುವವರು ಕಡಿಮೆ. ಇಡೀ ವರ್ಷದ ಹಣವನ್ನು ಒಂದೇ ಸಲ ಮುಗಿಸದೆ ಮೂರು ಕಂತು ಮಾಡಿ. ವರ್ಷದಲ್ಲಿ ಮೂರು ಸಲ ಹೊಸ ಪುಸ್ತಕ ಬಂತು ಎಂದರೆ ಮೂರು ಸಲ ಸಂಭ್ರಮ.

ದಾನದ ಪುಸ್ತಕಗಳನ್ನು ಪಡೆಯಿರಿ, ಆದರೆ "ಯಾವುದನ್ನು ಇಟ್ಟುಕೊಳ್ಳುತ್ತೇವೆ ಎಂಬುದು ನಮಗೆ ಬಿಟ್ಟದ್ದು" ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಎರಡನೇ ಹಂತದಲ್ಲಿ ತೆಗೆದ ಕಸವೇ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ.

ಹಂತ 8: ಓದಲು ತೊಡಕಿರುವ ಮಕ್ಕಳು

ದೊಡ್ಡ ಅಕ್ಷರದ ಪುಸ್ತಕ, ಆಡಿಯೊ, ಬ್ರೈಲ್ ಇವು ಯಾರಿಗೆ ಬೇಕು ಎಂದು ತರಗತಿವಾರು ವಿಚಾರಿಸಿ. 2013ರಲ್ಲಿ ಒಪ್ಪಿಗೆಯಾಗಿ 2016ರಲ್ಲಿ ಜಾರಿಗೆ ಬಂದ ಮರಾಕೆಶ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ದೃಷ್ಟಿದೋಷ ಅಥವಾ ಮುದ್ರಿತ ಅಕ್ಷರ ಓದಲು ತೊಡಕಿರುವವರಿಗಾಗಿ ಪುಸ್ತಕದ ಬ್ರೈಲ್ ಅಥವಾ ಆಡಿಯೊ ಪ್ರತಿ ಮಾಡಲು ಹಕ್ಕುದಾರರ ಅನುಮತಿಗೆ ಕಾಯಬೇಕಿಲ್ಲ. ಇಂಥ ಪ್ರತಿ ಮಾಡಿಕೊಡುವ ಸಂಸ್ಥೆಗಳನ್ನು ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆದು ಸಂಪರ್ಕಿಸಿ.

ಹಂತ 9: ತಿಂಗಳಿಗೊಮ್ಮೆ ಲೆಕ್ಕ

ನಾಲ್ಕು ವಿಷಯ ಮಾತ್ರ ಬರೆದಿಡಿ. ಎಷ್ಟು ಪುಸ್ತಕ ಹೊರಗೆ ಹೋಯಿತು, ಎಷ್ಟು ಬೇರೆ ಬೇರೆ ಮಕ್ಕಳು ಒಯ್ದರು, ಏನು ಕೇಳಿದಾಗ ನಮ್ಮಲ್ಲಿ ಇರಲಿಲ್ಲ, ಯಾವ ಶಿಕ್ಷಕರು ಪಾಠಕ್ಕೆ ಪೆಟ್ಟಿಗೆ ಪಡೆದರು. ಎರಡನೆಯದನ್ನು ಜಾಸ್ತಿ ಗಮನಿಸಿ. ಪುಸ್ತಕದ ಹುಳುಗಳಾದ ಹತ್ತು ಮಕ್ಕಳೇ ನೂರು ಪುಸ್ತಕ ಒಯ್ದಿದ್ದರೆ ಒಟ್ಟು ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಉಳಿದವರು ಹೊರಗೇ ಇರುತ್ತಾರೆ. ಹೆಸರು ಬಾರದ ಮಕ್ಕಳ ಪಟ್ಟಿ ಮಾಡಿ, ತರಗತಿ ಶಿಕ್ಷಕರಿಗೆ ಕೊಟ್ಟು, ಆ ಮಗುವಿಗೆ ಇಷ್ಟದ ವಿಷಯ ಏನು ಎಂದು ಕೇಳಿ, ಅದರ ಪುಸ್ತಕ ತೆಗೆದಿಡಿ. "ಇದು ನಿನಗೆಂದೇ ಇಟ್ಟಿದ್ದೆ" ಎಂದು ಕೈಗೆ ಕೊಡಿ.

ವರ್ಷದ ಸ್ಟಾಕ್ ತಪಾಸಣೆಗೆಂದು ಇಡೀ ತಿಂಗಳು ಲೈಬ್ರರಿ ಮುಚ್ಚುವುದು ಬೇಡ. ವಾರಕ್ಕೆ ಎರಡು ಅಂಕಣದಂತೆ ರಿಜಿಸ್ಟರ್ ಹಿಡಿದು ಎಣಿಸುತ್ತಾ ಹೋಗಿ. ಮಕ್ಕಳ ಕೈಯಲ್ಲಿರುವ ಪುಸ್ತಕಗಳನ್ನು ಇಶ್ಯೂ ರಿಜಿಸ್ಟರ್‌ನಿಂದ ಟಿಕ್ ಮಾಡಿಕೊಳ್ಳಿ. ಎಣಿಕೆಗಾಗಿ ಅವನ್ನು ವಾಪಸ್ ತರಿಸಬೇಡಿ.